ಯಂತ್ರದವರು ಒಯ್ದ ಮೀನು

ಮೀನು ಮಾರುವ ಬಾಗಿ ಬಸ್ ನಿಲ್ದಾಣದಲ್ಲಿ ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಬೆಂಚಿನಲ್ಲಿ ಕೂತಿದ್ದವರು ಎದ್ದು ಆಚೆ ಸರಿದರು. ರಿಕ್ಷಾದ ಸುಧಾಕರ ಬಸ್ಸು ಕಂಡವನಂತೆ ಹೆದ್ದಾರಿಯತ್ತ ಕತ್ತು ಚಾಚಿದ. ಬಸ್ಸು ಬರುತ್ತಿರಲಿಲ್ಲ.

ಅವಳು ಗೋಣಿ ಹಾಸಿ, ಬಾಳೆಲೆಯ ಮೇಲೆ ಕಾಣೆ ಮೀನುಗಳನ್ನು ತಲೆ ಒಂದೇ ಕಡೆ ಬರುವಂತೆ ಜೋಡಿಸಿ ನೀರು ಚಿಮುಕಿಸಿದಳು. ಬೆಳಿಗ್ಗೆ ಹೊಳೆಯಿಂದ ಬಂದ ಮೀನು, ಕಿವಿರು ಇನ್ನೂ ಕೆಂಪು. ಇವತ್ತೂ ಇದು ಮಾರಿ ಹೋಗದಿದ್ದರೆ ನಾಳೆ ದೋಣಿ ಹೋಗುತ್ತದೆ. ಗಂಡ ಗೋವರ್ಧನ ದೋಣಿ ಕೊಳ್ಳುವವನಿಗೆ ಮಾತು ಕೊಟ್ಟಾಗಿತ್ತು. ಬಲೆ ಬೀಸುವುದು ಇವತ್ತಿಗೆ ಕೊನೆ, ನಾಳೆಯಿಂದ ಐಸ್ ಫ್ಯಾಕ್ಟರಿ ಕೆಲಸ ಎಂದು ಹೇಳಿಯೇ ಅವನು ಹೊಳೆಗಿಳಿದಿದ್ದ.

ಮಳೆಗಾಲದ ಕೊನೆಯಲ್ಲಿ ಹೊಳೆಯ ಹಳೆ ಸೇತುವೆ ಬಿದ್ದಿತ್ತು, ಅದರ ಜೊತೆ ಒಂದು ಲಾರಿಯೂ. ಚಾಲಕ ಈಜಿ ದಡ ಸೇರಿ, ಲಾರಿಯಲ್ಲಿದ್ದದ್ದು ಸಿಮೆಂಟು ಎಂದ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಕೋಟದ ಈ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಪ್ರೇಮಾನಂದ, "ಸಿಮೆಂಟಿಗೆ ಪೊಲೀಸ್ರ್ ಟಾರ್ಪಾಲ್ ಮುಚ್ಚುದ್ ಎಂತಕೆ?" ಎಂದು ಕೇಳಿ, ಪೇಪರ್ ಮಡಚಿ ಒಳಗೆ ಹೋದ. ಉಳಿದದ್ದನ್ನು ಊರೇ ಹೇಳಿಕೊಂಡಿತು. ಲಾರಿಯಲ್ಲಿ ಅಣುಬಾಂಬಿನ ಪುಡಿ ಇತ್ತಂತೆ. ಸೇತುವೆ ಬಿದ್ದದ್ದಲ್ಲ, ಬೀಳಿಸಿದ್ದಂತೆ. ಹೊಳೆ ಮೀನಿನ ಕಣ್ಣು ಕತ್ತಲಲ್ಲಿ ಉರಿಯುತ್ತದಂತೆ.

ಬಾಗಿ ಇದೇ ಜಾಗದಲ್ಲಿ ಒಲೆ ಹೂಡಿ, ಮೀನು ಹುರಿದು, ಎಲ್ಲರೆದುರು ತಿಂದು ತೋರಿಸಿದ್ದಳು. "ಆ ವಿಷ ಕೂಡ್ಲೇ ಕಾಂಬುದಲ್ಲ, ನಿಧಾನಕ್ಕೆ" ಎಂದರು ನೋಡಿದವರು. ಟಿಕ್ ಟಿಕ್ ಎನ್ನುವ ಯಂತ್ರ ಹಿಡಿದ ಇಬ್ಬರು ಜೀಪಿನಲ್ಲಿ ಬಂದು, ಹೊಳೆಯಲ್ಲಿ ಏನೂ ಇಲ್ಲ ಎಂದರು. ಏನೂ ಇಲ್ಲ ಎಂದದ್ದರಿಂದಲೇ ಏನೋ ಇದೆ ಎಂಬುದು ಗಟ್ಟಿಯಾಯಿತು.

ಪ್ರೇಮಾನಂದ ಸುಳ್ಳನೂ ಆಗಿರಲಿಲ್ಲ. ತಾನು ಕೇಳಿದ್ದನ್ನು ತಾನೇ ನಂಬಿದ್ದ. ಹುರಿದ ಕಾಣೆ ಇಲ್ಲದೆ ಊಟಕ್ಕೆ ಕೂರದವನು ಈಗ ಸಮುದ್ರದ ಬಂಗುಡೆಯನ್ನು ಶಿಕ್ಷೆಯಂತೆ ತಿನ್ನುತ್ತಿದ್ದ.

ಪಕ್ಕದ ಟೈಲರ್ ಅಂಗಡಿಯ ಪುಷ್ಪ ನೂಲು ಕಡಿಯುತ್ತ ಹೊರಬಂದು ಮೀನು ನೋಡಿದಳು. "ಹೋತಾ ಬಾಗಿ?"

"ಹೋಪುದೆಲ್ಲಿಗೆ ಪುಷ್ಪಕ್ಕ, ತಿರ್ಗಿ ಮನಿಗೇ."

ಎದುರಿನಲ್ಲಿ ಪ್ರೇಮಾನಂದ ಪೇಪರ್ ಮಡಚುತ್ತಿದ್ದ. ಬಾಗಿ ಆ ಕೈಗಳನ್ನೇ ನೋಡಿದಳು. ಈ ಮನುಷ್ಯ ಯಾವತ್ತೂ ಪೂರ್ತಿ ಹೇಳಿದ್ದಿಲ್ಲ. ಕೇಳುತ್ತಾನೆ, ಎದ್ದು ಹೋಗುತ್ತಾನೆ.

"ಅಲ್ಲ ಪುಷ್ಪಕ್ಕ," ಎಂದಳು, ಆಚೆ ಸರಿದ ಬೆಂಚಿನವರಿಗೆ ಕೇಳುವಷ್ಟೇ ದನಿಯಲ್ಲಿ. "ಆ ಯಂತ್ರದರ್ ಪರೀಕ್ಷೆ ಮಾಡುಕೆ ಅಂದೇಳಿ ನನ್ನತ್ರ ಮೀನ್ ತಕಂಡ್ ಹೋದ್ರಲ್ದಾ. ಪರೀಕ್ಷೆಗ್ ಒಂದ್ ಮೀನ್ ಸಾಕಲ್ದಾ?"

"ಮತ್ತೆ? ಎಷ್ಟ್ ತಕಂಡ್ ಹೋದ್ರ್?"

"ಬುಟ್ಟಿ."

"ಇಡೀ ಬುಟ್ಟಿಯಾ?"

"ಐಸ್ ಹಾಕಿ. ಸಣ್ಣದ್ ಬ್ಯಾಡ ಅಂದ್ರ್."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಾಗಿ ಎದ್ದು, ಕೊಡಪಾನ ಹಿಡಿದು ನಲ್ಲಿಯ ಕಡೆ ಹೋದಳು. ನಿಧಾನವಾಗಿ ಮುಖ ತೊಳೆದಳು, ಕಾಲು ತೊಳೆದಳು, ತೊಳೆದ ಕಾಲನ್ನೇ ಇನ್ನೊಮ್ಮೆ ತೊಳೆದಳು.

ತಿರುಗಿ ಬರುವಾಗ ಬೆಂಚಿನವರು ಬುಟ್ಟಿಯ ಸುತ್ತ ನಿಂತಿದ್ದರು.

"ವಿಷಕ್ಕೆ ಐಸ್ ಎಂತಕೆ ಮಾರಾಯ್ರೆ?" ಸುಧಾಕರ ಕೇಳುತ್ತಿದ್ದ.

"ಊಟಕ್ಕೆ, ಮತ್ತೆಂತ. ನಮ್ಮನ್ನ ಹೆದ್ರಿಸುದ್, ಅವ್ರ್ ತಿಂಬುದ್."

"ಸುಮ್ನೆ ತಿಂತ್ರಾ? ಅದ್ರಗೆ ಎಂತದೋ ಒಳ್ಳೇದ್ ಇತ್ತ್. ಶುಗರಿಗೋ ಏನೋ."

"ಹೌದಾ ಬಾಗಿ?"

"ನಂಗೆಂತ ಗೊತ್ತ್," ಎಂದಳು ಬಾಗಿ.

ಪುಷ್ಪ ಮೊದಲು ಚೀಲ ಚಾಚಿದಳು. ಆಮೇಲೆ ಸುಧಾಕರ. ಸಿದ್ದಾಪುರದ ಬಸ್ಸು ಬಂದು ನಿಂತಾಗ ಗುಂಪು ಕಂಡು ಇಳಿದ ಒಬ್ಬ ಹೆಂಗಸು, "ಇದ್ ಆ ಸೇತ್ವೆ ಹೊಳಿ ಮೀನಾ?" ಎಂದು ಕೇಳಿದಳು. ಬಾಗಿ ಹೌದೆಂದಳು. "ಹಂಗಾರೆ ಕೊಡ್, ನಮ್ಮನಿಯರಿಗೆ ಮಂಡಿ ನೋವು." ಕಂಡಕ್ಟರ್ ಕೂಗುತ್ತಿದ್ದವನು ಕೂಗುವುದನ್ನು ಬಿಟ್ಟು ತಾನೂ ಇಳಿದ.

ಎಲೆ ಖಾಲಿಯಾಗುವ ಮೊದಲೇ ಬಾಗಿ ಒಳ್ಳೆಯವೆರಡನ್ನು ಬುಟ್ಟಿಯ ತಳಕ್ಕೆ ಸರಿಸಿದಳು. ಇಷ್ಟು ದಿನ ಮನೆಯಲ್ಲಿ ತಿಂದದ್ದು ಮಾರದೆ ಉಳಿದ ಮೀನು. ಇವತ್ತು ಗೋವರ್ಧನನಿಗೆ ಬೇಕೆಂದೇ ಉಳಿಸಿದ ಮೀನು ಹಾಕಬೇಕು.

ಪುಷ್ಪಳ ಮೊಬೈಲು ಕೇಳಿ ಪಡೆದು ಗಂಡನಿಗೆ ಫೋನು ಮಾಡಿದಳು. "ಹ್ವಾಯ್, ದೋಣಿ ಕೊಡುದ್ ಬ್ಯಾಡ. ನಾಳಿಗ್ ಬೀಸುಕೆ ಬಲಿ ಒಣಗ್ಸಿ." ಆಚೆಯಿಂದ ಏನೋ ಕೇಳಿತು. "ಮನಿಗ್ ಬಂದ್ ಹೇಳ್ತೆ." ನಗು ತಡೆಯಲಾಗದೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಗೋಣಿ ಮಡಚುವಾಗ ಪ್ರೇಮಾನಂದ ರಸ್ತೆ ದಾಟಿ ಬಂದ. ಅವನ ಮುಖದಲ್ಲಿ ಹೊಸ ಬೆಳಕಿತ್ತು.

"ನಂಗ್ ಅವತ್ತೇ ಸಂಶಯ ಬಂದಿತ್ ಬಾಗಿ. ಆ ಜೀಪಿನರ್ ನಮ್ಮ್ ಮುಖ ಕಾಣ್ದೆ ಹೋದ್ ಎಂತಕೆ..." ಮಾತು ಅಲ್ಲಿಗೇ ಬಿಟ್ಟ. ಕಣ್ಣು ಬುಟ್ಟಿಯ ತಳಕ್ಕೆ ಹೋಗಿತ್ತು. "ಎರಡ್ ಇತ್ತಲೇ."

"ಇತ್ತ್."

"ಎರಡ್ ಪಟ್ಟ್ ದುಡ್ಡ್ ಕೊಡ್ತೆ."

ಬಾಗಿ ಮೀನುಗಳನ್ನು ಬಾಳೆಲೆಯಲ್ಲಿ ಸುತ್ತಿದಳು.

"ನಾಳಿಂದ ಈ ಬಿಸ್ಲಗೆ ಕೂರುದ್ ಬ್ಯಾಡ. ನನ್ನ್ ಅಂಗ್ಡಿ ಜಗ್ಲಿ ಮೇಲೆ ಕೂಕೋ, ನೆರ್ಳಿತ್ತ್." ಅವನು ಎಂಜಲು ನುಂಗಿದ. "ಮಳಿಗಾಲದಿಂದ ಕಾಣಿ ಮೀನ್ ತಿನ್ಲಿಲ್ಲ ಮಾರಾಯ್ತಿ."

ಬಾಳೆನಾರಿನ ಗಂಟು ಬಿಗಿದು, ಪೊಟ್ಟಣವನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ತಲೆಗೇರಿಸಿದಳು.

"ಕೊಡ್ತಿಲ್ಲೆ," ಎಂದಳು ಬಾಗಿ.