ರಟ್ಟಿನ ಮುಚ್ಚಳ

ಚಿತ್ರ ಸಂಘದಲ್ಲಿ ಒಂದು ಪದ್ಧತಿಯಿತ್ತು. ಪರದೆಯ ಮೇಲೆ ಗಂಡು ಹೆಣ್ಣು ಹಾಸಿಗೆಯ ಹತ್ತಿರ ಹೋದರೆ ಸಾಕು, ಪ್ರೊಜೆಕ್ಟರಿನ ಕಣ್ಣಿಗೆ ಬೂಟಿನ ಡಬ್ಬದ ರಟ್ಟಿನ ಮುಚ್ಚಳ ಅಡ್ಡ ಹಿಡಿಯಬೇಕು. ಮಾತು ಕೇಳಿಸುತ್ತದೆ, ಚಿತ್ರ ಕಾಣುವುದಿಲ್ಲ. ಜನ ಕೆಮ್ಮುತ್ತ ಕಾಯುತ್ತಾರೆ. ಗ್ರಂಥಾಲಯದ ಮಹಡಿಯ ಮೇಲಿನ ಆ ಸಭಾಂಗಣದಲ್ಲಿ ವರ್ಷಗಳಿಂದ ಮುಚ್ಚಳ ಹಿಡಿಯುತ್ತಿದ್ದವಳು, ಅಲ್ಲೇ ಪುಸ್ತಕ ಕೊಡುವ ಕೆಲಸಕ್ಕಿದ್ದ ಅಕ್ಕ. ಎಲ್ಲರಿಗೂ ಅವಳು ಅಕ್ಕನೇ, ಅವಳಿಗಿಂತ ಹಿರಿಯರಾದ ಅಧ್ಯಕ್ಷರಿಗೂ.

ಈ ಭಾನುವಾರದ್ದು ಮೂರೂವರೆ ಗಂಟೆಯ ಯುದ್ಧದ ಚಿತ್ರ. ಯಂತ್ರ ಸರಿಯಿದೆಯೇ ಎಂದು ನೋಡುವ ನೆಪದಲ್ಲಿ ಅವಳು ಹಿಂದಿನ ದಿನ ಒಬ್ಬಳೇ ಕೂತು ಪೂರ್ತಿ ನೋಡಿದ್ದಳು. ಟೈಲರ್ ಹೆಂಗಸೊಬ್ಬಳ ಗಂಡ ಯುದ್ಧದಲ್ಲಿ ಮೈಯೆಲ್ಲ ಸುಟ್ಟುಕೊಂಡು ಹಿಂತಿರುಗುತ್ತಾನೆ. ಕತ್ತಲೆಯಲ್ಲಲ್ಲದೆ ಅವಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೊನೆಗೊಂದು ದಿನ ಅವಳು ದೀಪ ಹಚ್ಚಿ, ತಾನೂ ಬೆತ್ತಲಾಗಿ, ಆ ಸುಟ್ಟ ಮೈಯನ್ನು ಹೊಲಿಗೆ ಪರೀಕ್ಷಿಸುವವಳ ಹಾಗೆ ಬೆರಳಿನಿಂದ ಇಂಚಿಂಚೂ ನೋಡುತ್ತಾಳೆ. ಅವರಿಬ್ಬರೂ ಮತ್ತೆ ಕೂಡುವುದನ್ನು ಕ್ಯಾಮರಾ ಕದಲದೆ ನೋಡುತ್ತದೆ. ಅಕ್ಕನ ಮುಖ ಮೊದಲು ಬಿಸಿಯಾಯಿತು, ಆಮೇಲೆ ಕಣ್ಣು ಒದ್ದೆಯಾಯಿತು. ಆ ಚಿತ್ರದಲ್ಲಿ ಯುದ್ಧ ಮುಗಿಯುವುದೇ ಅಲ್ಲಿ. ಅದನ್ನು ಮುಚ್ಚಿದರೆ ಉಳಿಯುವುದು ಬರೀ ಬಾಂಬು.

"ಮುಚ್ಚಳ ಇದೆ ತಾನೆ ಅಕ್ಕಾ? ಇವತ್ತು ನಿಮ್ಮ ಕೈ ನೋಯುತ್ತೆ ನೋಡಿ," ಚಿತ್ರ ಶುರುವಾಗುವ ಮುಂಚೆ ಅಧ್ಯಕ್ಷರು ನಕ್ಕರು.

"ಇವತ್ತು ಹಿಡಿಯಲ್ಲ ಸಾರ್."

"ತಮಾಷೆ ಬೇಡ. ಮುಂದಿನ ಸಾಲಲ್ಲಿ ನಿಮ್ಮತ್ತೆನೇ ಕೂತಿದಾರೆ."

"ಹೆಣದ ರಾಶಿ ತೋರಿಸ್ತಾರಲ್ಲ, ಅದಕ್ಕೆ ಮುಚ್ಚಳ ಬೇಡ್ವಾ?"

"ಅದು ಬೇರೆ, ಇದು ಬೇರೆ. ಆಗಲ್ಲ ಅಂದ್ರೆ ಸಭಾಂಗಣದ ಕೀಲಿಕೈ ಕೊಟ್ಬಿಡಿ, ಬೇರೆಯವರನ್ನ ನೋಡ್ಕೋತೀವಿ."

ವಾರವೆಲ್ಲ ಅವಳು ಕಾಯುತ್ತಿದ್ದುದೇ ಭಾನುವಾರದ ಈ ಕೆಲಸಕ್ಕಾಗಿ. ಆದರೂ ಜಪ್ಪಯ್ಯ ಅಂದರೂ ಮುಚ್ಚಳ ಹಿಡಿಯಬಾರದು ಎಂದುಕೊಂಡಳು. ಮುಚ್ಚಳವನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತಳು.

ಪರದೆಯ ಮೇಲೆ ಆ ಹೆಂಗಸು ದೀಪ ಹಚ್ಚುವ ಗಳಿಗೆ ಬಂತು. ಅಧ್ಯಕ್ಷರು ಬಗ್ಗಿಕೊಂಡು ಓಡಿ ಬಂದರು.

"ಎಲ್ಲಿ ಅದು?"

"ಅದರ ಮೇಲೇ ಕೂತಿದೀನಿ."

ಅವರು ಗಾಬರಿಯಲ್ಲಿ ತಮ್ಮ ಅಂಗೈಯನ್ನೇ ಅಡ್ಡ ಹಿಡಿದರು. ಪರದೆ ಕಪ್ಪಾಯಿತು. ಅಕ್ಕ ಅವರ ಮಣಿಕಟ್ಟು ಹಿಡಿದು, ಒಲೆಯ ಹತ್ತಿರ ಹೋದ ಮಗುವಿನ ಕೈ ಸರಿಸುವ ಹಾಗೆ ಪಕ್ಕಕ್ಕೆ ಸರಿಸಿದಳು.

"ಚಿತ್ರ ಮುಗಿದ್ಮೇಲೆ ಕೀಲಿಕೈ ತಗೊಳ್ಳಿ. ಅಲ್ಲೀವರೆಗೂ ಇದು ನನ್ನ ಕೆಲಸ."

ಅಂದು ಯಾರೂ ಕೆಮ್ಮಲಿಲ್ಲ.

ಕೊನೆಯ ಹೆಸರು ಮರೆಯಾದ ಮೇಲೆ ಅವಳು ಹೇಳಿದಂತೆ ಕೀಲಿಕೈಯನ್ನು ಅಧ್ಯಕ್ಷರ ಕೈಗಿಟ್ಟು ಬಂದಳು. ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿಯುತ್ತಿದ್ದರು. ಬೈಗುಳ ಬರುತ್ತದೆಂದು ಕಾಯುತ್ತ ಸೊಸೆ ಹಿಂದೆಯೇ ಇಳಿದಳು. ತಿರುವಿನಲ್ಲಿ ಅತ್ತೆ ನಿಂತರು.

"ನಿಮ್ಮ ಮಾವ ಇರೋವರೆಗೂ ನನಗೆ ದೀಪ ಹಚ್ಚೋಕೆ ಬಿಡ್ಲಿಲ್ಲ ಕಣೇ."

ಅತ್ತೆ ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟರು.

"ಕೀಲಿಕೈ ಯಾಕೆ ಕೊಟ್ಟೆ, ಪೆದ್ದಿ? ಹೋಗು, ಇಸ್ಕೊಂಡು ಬಾ. ಕೊಡದೇ ಇದ್ರೆ ನನ್ನ ಕರಿ."

ಅಕ್ಕ ಮತ್ತೆ ಮೆಟ್ಟಿಲು ಹತ್ತಿದಳು.