ಗುಡುಗಣ್ಣನ ತೆರೆದ ಬಾಯಿ

ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದ ಗುಡುಗಣ್ಣನಿಗೆ ಆ ಹೆಸರಿಟ್ಟವನು ಗೆಳೆಯ ಫಿಟ್ಟರ್. ಇವನು ಪಿಸುಗುಟ್ಟಿದರೂ ಬೀದಿಯ ಕೊನೆಗೆ ಕೇಳುತ್ತಿತ್ತು, ಅದಕ್ಕೇ. ಹತ್ತು ವರ್ಷ ಊಟದ ಹೊತ್ತಿಗೆಲ್ಲ ಆ ಗಂಟಲಿನ ಮೇಲೆ ಫಿಟ್ಟರ್ ಹೊಸ ಹೊಸ ಜೋಕು ಕಟ್ಟಿದ. ಅಲ್ಲೊಂದು ಕಟ್ಟಳೆಯಿತ್ತು: ಜೋಕು ಯಾರ ಮೇಲೋ ಅವನು, ಹೇಳಿದವನ ಬೆನ್ನಿಗೆ ಒಂದು ಗುದ್ದು ಹಾಕಬಹುದು, ಅಲ್ಲಿಗೆ ಚುಕ್ತಾ. ಗುಡುಗಣ್ಣ ಗುದ್ದಿದರೆ ಫಿಟ್ಟರ್ ಬಾಯಲ್ಲಿದ್ದ ತುತ್ತು ಹೊರಗೆ ಬರುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವನ ತಾಯಿ ತೀರಿಕೊಂಡಾಗ ಮಾತ್ರ, ಇವನ ಮುಖ ನೋಡಿದ ಫಿಟ್ಟರ್ ಒಂದು ತಿಂಗಳು ಜೋಕಿನ ಸುದ್ದಿಗೇ ಹೋಗಲಿಲ್ಲ.

ಆಮೇಲೊಂದು ದಿನ ಪ್ರೆಸ್ಸು ಇವನ ಬಲಗೈಯ ಎರಡು ಬೆರಳು ನುಂಗಿತು.

ಆ ಗಾಯ ಮೂರು ತಿಂಗಳಿಗೆ ಮಾಯಿತು. ಮಾಯದ್ದು ಇನ್ನೊಂದು. ಆ ದಿನದ ಒಂದು ಫೋಟೊದಿಂದ, ಮೆಷಿನ್ ಮುಂದೆ ಬಾಯಿ ತೆರೆದು ಕಿರುಚುತ್ತಿದ್ದ ಇವನ ಮುಖವನ್ನಷ್ಟೇ ಕತ್ತರಿಸಿ ಯಾರೋ ಮೀಮ್ ಮಾಡಿ ಬಿಟ್ಟಿದ್ದರು. ‘ಹೆಂಡತಿ ಫೋನಿನ ಪಾಸ್‌ವರ್ಡ್ ಕೇಳಿದಾಗ.’ ‘ಸೋಮವಾರ ಬೆಳಿಗ್ಗೆ.’ ಮುಖ ಒಂದೇ, ಕೆಳಗಿನ ಸಾಲು ಗಂಟೆಗೊಂದು. ಗುರುತು ಪರಿಚಯ ಇಲ್ಲದವರೆಲ್ಲ ನಗುವವರೇ, ಥೂ! ಫಿಟ್ಟರ್ ಜೋಕು ಹೇಳುವಾಗ ಎದುರಿಗೆ ಕೂತಿರುತ್ತಿದ್ದ. ಇದಕ್ಕೆ ಹೇಳಿದವನೂ ಇಲ್ಲ, ಗುದ್ದಲು ಬೆನ್ನೂ ಇಲ್ಲ. ಶಾಲೆಯಲ್ಲಿ ಮಗಳನ್ನು ಕಂಡರೆ ಹುಡುಗಿಯರೆಲ್ಲ ‘ಆ’ ಎಂದು ಬಾಯಿ ತೆರೆದು ನಿಲ್ಲುತ್ತಿದ್ದರಂತೆ. ಅವಳು ಶಾಲೆ ಬಿಟ್ಟಳು, ಅಪ್ಪನ ಜೊತೆ ಮಾತು ಬಿಟ್ಟಳು.

“ಯಾರ ಬೆನ್ನಿಗೆ ಗುದ್ಲಿ, ಹೇಳ್ರೋ!” ಎಂದು ಗುಡುಗಣ್ಣ ಅರಚಿದ. ಫೋಟೊ ತೆಗೆದವನೊಬ್ಬ ಇರಲೇಬೇಕಲ್ಲ. ಅವನು ಸಿಕ್ಕರೆ ಎಲ್ಲ ಮುಗಿಯುತ್ತದೆ, ಮಗಳು ಮತ್ತೆ ‘ಅಪ್ಪಾ’ ಎನ್ನುತ್ತಾಳೆ ಎಂದೇ ನಂಬಿದ್ದ. ಬಸ್ಸಿನಲ್ಲಿ ಫೋನ್ ನೋಡಿ ಕಿಸಕ್ಕೆಂದ ಒಬ್ಬನ ಮೂಗು ಒಡೆದ. ನೋಡಿದರೆ ಆ ಪಾಪದವನ ಫೋನಿನಲ್ಲಿದ್ದದ್ದು ಬೆಕ್ಕು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಫಿಟ್ಟರ್ ಮೊಮ್ಮಗುವನ್ನು ತೋರಿಸಲು ತನ್ನ ಫೋನ್ ಕೊಟ್ಟ. ಗುಡುಗಣ್ಣ ಒಂದೊಂದೇ ಫೋಟೊ ಸರಿಸುತ್ತ ಹೋದ. ಮೊಮ್ಮಗು, ಮೊಮ್ಮಗು, ಮತ್ತೆ ಮೊಮ್ಮಗು. ಆಮೇಲೆ ತಾನೇ. ಕತ್ತರಿಸದ ಫೋಟೊ. ಬಾಯಿ, ಕೈ, ರಕ್ತ, ಪ್ರೆಸ್ಸು ಎಲ್ಲ ಇತ್ತು.

“ನೀನಾ? ಹತ್ತು ವರ್ಷ ನನ್ ಜೊತೆ ಉಂಡು, ನೀನಾ?”

“ಏ, ಪೂರ್ತಿ ಕೇಳೋ ಇಲ್ಲಿ...”

ಕೇಳುವ ತಾಳ್ಮೆ ಯಾರಿಗಿತ್ತು? ಮೇಜಿನ ಮೇಲಿದ್ದ ಸ್ಪ್ಯಾನರ್ ಎಡಗೈಗೆ ಸಿಕ್ಕಿತು. ಮೊದಲ ಏಟಿಗೆ ಫಿಟ್ಟರ್‌ನ ದವಡೆ ಲಟಕ್ಕೆಂದಿತು. ಎರಡನೆಯದಕ್ಕೆ ಹಲ್ಲುಗಳು ಊಟದ ಡಬ್ಬಿಯೊಳಗೆ ಬಿದ್ದವು. ಉರುಳಿದವನ ಎದೆಯ ಮೇಲೆ ಕೂತು ಹೊಡೆದ, ಹೊಡೆದ, ಕೈ ಸೋಲುವ ತನಕ ಹೊಡೆದ.

“ಯಾಕೋ ತೆಗ್ದೆ? ಯಾಕೋ?”

ಫಿಟ್ಟರ್ ರಕ್ತ ಉಗುಳಿದ. “ನೀನೇ... ಕೂಗ್ದೆಯಲ್ಲೋ. ‘ಫೋಟೊ ತೆಗಿ, ಆಫೀಸಿಗೆ ಕಳ್ಸು... ಇಲ್ಲಾಂದ್ರೆ ನನ್ದೇ ತಪ್ಪು ಅಂತಾರೆ’ ಅಂತ. ಆಫೀಸಿಗೆ ಮಾತ್ರ ಕಳ್ಸಿದ್ದು...”

ಗುಡುಗಣ್ಣನಿಗೆ ಆಗ ನೆನಪಾಯಿತು. ಲೋಕವೆಲ್ಲ ನೋಡಿ ನಕ್ಕ ಆ ಬಾಯಿ ಕಿರುಚುತ್ತಿದ್ದದ್ದು ಇದನ್ನೇ. ತಲೆಯೆತ್ತಿ ನೋಡಿದ. ಸುತ್ತ ಏಳೆಂಟು ಜನ, ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಫೋನು.

“ಫೋನ್ ಕೆಳಗಿಡ್ರೋ! ಆಂಬುಲೆನ್ಸ್ ಕರೀರೋ, ನಿಮ್ ಕಾಲಿಗ್ ಬೀಳ್ತೀನಿ!”

ಯಾರೂ ಕದಲಲಿಲ್ಲ. ಹಿಂದಿನಿಂದ ಒಬ್ಬ ಕಿಸಕ್ಕೆಂದ.

ಗುಡುಗಣ್ಣನೇ ಗೆಳೆಯನ ಕಂಕುಳಿಗೆ ಕೈ ಹಾಕಿ ಎತ್ತಲು ಹೋದ. ಬಲಗೈಯ ಮೂರು ಬೆರಳಿಗೆ ಹಿಡಿತ ಸಿಗಲಿಲ್ಲ. ರಕ್ತಕ್ಕೆ ಅಂಗಿ ಜಾರಿ ಫಿಟ್ಟರ್‌ನ ತಲೆ ನೆಲಕ್ಕೆ ಬಡಿಯಿತು. ಆಮೇಲೆ ಫಿಟ್ಟರ್ ಮಾತಾಡಲಿಲ್ಲ.