ತಲೆಗೆ ಎರಡನೇ ಕೋಟ್

“ಇದೇನು ಕೂದಲಾ, ಪಾತ್ರೆ ತಿಕ್ಕೋ ನಾರಾ? ನೋಡು, ಕಣ್ಣು ಬಿಟ್ಟು ನೋಡು! ನನ್ನ ಮಗಳ ತಲೇನ ಸುಟ್ಟು ಇಟ್ಟಿದೀಯಲ್ಲ!”

ಅಮ್ಮ ಅತ್ತೆಯ ಪಾರ್ಲರಿಗೆ ನುಗ್ಗಿ, ಬಾಚಣಿಗೆಯನ್ನು ಅವಳ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಅದರ ಹಲ್ಲುಗಳ ಮಧ್ಯೆ ಬೆರಳುದ್ದದ ಕೂದಲ ತುಂಡುಗಳು ಒಂದು ಹಿಡಿಯಷ್ಟು ಸಿಕ್ಕಿಕೊಂಡಿದ್ದವು.

“ಅತ್ತಿಗೆ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಗಿರಾಕಿ ಕೂತಿದಾರೆ.”

“ಕೂತಿರ್ಲಿ! ಈ ಕುರ್ಚೀಲಿ ಕೂತ್ರೆ ಏನಾಗುತ್ತೆ ಅಂತ ಅವರಿಗೂ ಗೊತ್ತಾಗ್ಲಿ!”

ಹುಬ್ಬು ತಿದ್ದಿಸಿಕೊಳ್ಳಲು ಬಂದಿದ್ದ ಗಿರಾಕಿಗೆ ಒಂದು ಹುಬ್ಬು ಮುಗಿದು ಇನ್ನೊಂದು ಬಾಕಿ ಇತ್ತು. ಹಾಗೇ ಎದ್ದು ಹೋಗುವಂತಿರಲಿಲ್ಲ. ಪುಕ್ಕಟೆ ಜಗಳ ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ. ಕನ್ನಡಿಯೊಳಗಿಂದಲೇ ಮೂವರನ್ನೂ ನೋಡುತ್ತ ಕುಳಿತಳು.

ಮೂರನೆಯವಳು ಮಗಳು ಗುಬ್ಬಿ. ಹದಿನಾರರ ಹುಡುಗಿ, ಮೂಲೆಯ ಸ್ಟೂಲಿನ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡು, ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕುಳಿತಿದ್ದಳು. ಮಾತಾಡಬೇಕಾದವಳು ಅವಳೇ. ಆದರೆ ಬಾಯಿಗೆ ಬೀಗ ಬಿದ್ದಿತ್ತು.

ಈ ರಗಳೆಯ ಬೇರು ಹೋದ ವರ್ಷದ ಶಾಲೆಯ ಗುಂಪು ಫೋಟೊದಲ್ಲಿತ್ತು. ಗುಬ್ಬಿಯದು ಹುಟ್ಟಾ ಗುಂಗುರು ಕೂದಲು. ಎಣ್ಣೆ ಹಚ್ಚಿದರೂ ಅಡಗದು, ರಿಬ್ಬನ್ ಕಟ್ಟಿದರೂ ಬಗ್ಗದು. ಮುಂದಿನ ಸಾಲಿನಲ್ಲಿ ಕುಳಿತವಳನ್ನು ಕ್ಯಾಮೆರಾದವನು ಎಬ್ಬಿಸಿ, “ಏಯ್ ಪೊದೆ, ನಿನ್ನ ತಲೆ ಇಬ್ಬರ ಜಾಗ ತಿನ್ನುತ್ತೆ, ಹಿಂದೆ ಹೋಗಮ್ಮ” ಎಂದಿದ್ದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅವತ್ತಿನಿಂದ ಶಾಲೆಯಲ್ಲಿ ಅವಳ ಹೆಸರೇ ಪೊದೆ. ಈ ವರ್ಷದ್ದು ಕೊನೆಯ ಫೋಟೊ. ಅದರಲ್ಲಿ ಮುಂದಿನ ಸಾಲು ಬಿಟ್ಟು ಕದಲಬಾರದು ಎಂದು ಅವಳು ಶಪಥ ಮಾಡಿದ್ದಳು. ಅಪ್ಪನ ತಂಗಿಯಾದ ಅತ್ತೆಯನ್ನು ಕಾಡಿ ಬೇಡಿ, ರಜೆಯಲ್ಲಿ ಕ್ರೀಮು ಹಾಕಿಸಿ ಕೂದಲನ್ನು ನೆಟ್ಟಗೆ ಮಾಡಿಸಿಕೊಂಡಿದ್ದಳು. ಮೊದಮೊದಲು ಅದು ಬೆನ್ನ ಮೇಲೆ ನೀರಿನಂತೆ ಇಳಿಯುತ್ತಿತ್ತು. ಈಗ ಮುಟ್ಟಿದರೆ ಮುರಿಯುತ್ತಿತ್ತು.

“ಒಂದೇ ಸಲ ಹಾಕಿದ್ದು ನಾನು!” ಅತ್ತೆ ಹುಬ್ಬಿನ ದಾರವನ್ನು ಮೇಜಿನ ಮೇಲೆ ಎಸೆದಳು. “ಗಡಿಯಾರ ನೋಡ್ಕೊಂಡು ಹಾಕಿ, ಗಡಿಯಾರ ನೋಡ್ಕೊಂಡು ತೊಳೆದಿದೀನಿ. ಸುಮ್ಮನೆ ನನ್ನ ಮೇಲೆ ಗೂಬೆ ಕೂರಿಸ್ಬೇಡಿ. ನಿಮ್ಮ ಮನೆ ನೀರಿಗೆ ಏನು ರೋಗವೋ ಏನೋ!”

“ನಮ್ಮನೆ ನೀರು ಕುಡಿದೇ ನೀನು ಇಷ್ಟುದ್ದ ಬೆಳೆದಿದ್ದು!”

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್ ಅವನು. ಅವತ್ತಿನ ಅಂಗಿಯ ಮೇಲೆ ಯಾರದೋ ಮಲಗುವ ಕೋಣೆಯ ಗುಲಾಬಿ ಬಣ್ಣವಿತ್ತು. ಕೈಯಲ್ಲಿ ಒಂದಿಂಚಿನ ಬ್ರಷ್.

“ಜಗಳ ಆಮೇಲೆ ಆಡಿ. ಮೊದಲು ಇದನ್ನ ಯಾರು ಮುಟ್ಟಿದ್ದು ಹೇಳಿ. ಕಿಟಕಿ ಅಂಚಿಗೆ ಅಂತ ಜೋಪಾನವಾಗಿ ಇಟ್ಕೊಂಡಿದ್ದ ಬ್ರಷ್ಷು. ಬಚ್ಚಲಮನೆ ಕಿಟಕಿ ಹಿಂದೆ ಬಿದ್ದಿತ್ತು. ಕೂದಲೆಲ್ಲ ಕರಗಿ ಗಂಜಿ ಆಗಿದೆ. ಥೂ, ಕೊಳೆತ ಮೊಟ್ಟೆ ವಾಸನೆ ಬೇರೆ!”

ಅತ್ತೆ ಬ್ರಷ್ ಕಿತ್ತುಕೊಂಡು ಮೂಸಿದಳು. ತನ್ನದೇ ಕ್ರೀಮಿನ ವಾಸನೆ. ನಿಧಾನವಾಗಿ ಮೂಲೆಯ ಕಡೆ ತಿರುಗಿದಳು. ಅಮ್ಮನೂ ತಿರುಗಿದಳು. ಒಂದು ಹುಬ್ಬಿನ ಹೆಂಗಸು ಕುರ್ಚಿಯನ್ನೇ ತಿರುಗಿಸಿಕೊಂಡಳು.

“ಬುಡದಲ್ಲಿ ಗುಂಗುರು ಮತ್ತೆ ಬರ್ತಾ ಇತ್ತು,” ಎಂದಳು ಗುಬ್ಬಿ, ನೆಲಕ್ಕೆ ಕೇಳಿಸುವಷ್ಟು ಸಣ್ಣ ದನಿಯಲ್ಲಿ. “ಅತ್ತೆ ಕಪಾಟಲ್ಲಿ ಅರ್ಧ ಡಬ್ಬ ಉಳಿದಿತ್ತು…”

“ಬುಡಕ್ಕೆ ಮಾತ್ರ ಹಚ್ಚಿದೆಯಾ?” ಎಂದಳು ಅತ್ತೆ.

“ಇಲ್ಲ. ಬುಡದಿಂದ ತುದಿ ತನಕ.”

“ಅಯ್ಯೋ ನಿನ್ನ ತಲೆ ಸಿಡಿಯ! ತುದಿ ತನಕ ಯಾಕೇ?”

ಗುಬ್ಬಿ ಅಪ್ಪನ ಮುಖ ನೋಡಿದಳು. “ಅಪ್ಪ ಯಾವಾಗ್ಲೂ ಹೇಳಲ್ವಾ? ಎರಡನೇ ಕೋಟ್ ಹೊಡೆದ್ರೆ ಗೋಡೆ ಪೂರ್ತಿ ಹೊಡೀಬೇಕು, ಅಲ್ಲಲ್ಲಿ ಹೊಡೆದ್ರೆ ತೇಪೆ ಕಾಣುತ್ತೆ ಅಂತ.”

ಅಪ್ಪ ಮಗಳ ತಲೆಯ ಟವೆಲ್ ಬಿಚ್ಚಿ, ಕೂದಲನ್ನು ಬೆಳಕಿಗೆ ಹಿಡಿದು, ಬಣ್ಣ ಹೊಡೆದ ಗೋಡೆಯನ್ನು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ.

“ಏನೇ ಹೇಳಿ, ಕೋಟ್ ಮಾತ್ರ ಸಮ ಕೂತಿದೆ” ಎಂದ.

ಮೊದಲು ನಕ್ಕಿದ್ದು ಗಿರಾಕಿ. ಆಮೇಲೆ ಅತ್ತೆ. ಅಮ್ಮ ಮಾತ್ರ ಇನ್ನಷ್ಟು ಹೊತ್ತು ಉರಿದು, ಕೊನೆಗೆ ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಪ್ಪಾಯಿತು ಎಂದು ನಾದಿನಿಗೆ ಅವಳು ಬಾಯಿಬಿಟ್ಟು ಹೇಳಲಿಲ್ಲ. ಪೊರಕೆ ತೆಗೆದುಕೊಂಡು ಪಾರ್ಲರಿನ ನೆಲ ಗುಡಿಸಿದಳು. ಅತ್ತೆಗೆ ಅಷ್ಟು ಸಾಕಾಯಿತು.

“ಕೇಳು ಇಲ್ಲಿ” ಎಂದಳು ಅತ್ತೆ, ಗುಬ್ಬಿಯನ್ನು ಪಕ್ಕದ ಕುರ್ಚಿಗೆ ಒತ್ತಿ ಕೂರಿಸಿ. “ಹೊಸದಾಗಿ ಬಂದ ಬುಡಕ್ಕೆ ಮಾತ್ರ ಹಾಕ್ಬೇಕು ಅದನ್ನ. ಒಂದು ಸಲ ಬೆಂದಿದ್ದನ್ನ ಮತ್ತೆ ಬೇಯಿಸಿದೀಯ. ಸತ್ತಿದ್ದು ಸತ್ತ ಹಾಗೇ, ಯಾವ ಎಣ್ಣೆ, ಯಾವ ಮಂತ್ರಕ್ಕೂ ಅದು ಎದ್ದು ಕೂರಲ್ಲ. ಬುಡದ್ದು ಬೆಳೆದು ಬರೋ ತನಕ ಮುರೀದ ಹಾಗೆ ನೋಡ್ಕೋಬೇಕು, ಅಷ್ಟೇ. ಇಲ್ಲಾ, ಈಗ್ಲೇ ಕತ್ತರಿಸ್ಬೇಕು.”

“ಕತ್ತರಿ ತಂದ್ರೆ ಕೂಗ್ತೀನಿ!”

“ಕೂಗು. ಕೂಗಿದ್ರೆ ಕೂದಲು ಗಟ್ಟಿಯಾಗುತ್ತೇನು?”

ಅಂತೂ ಕತ್ತರಿ ಬೇಡ, ಆರೈಕೆ ಎಂದಾಯಿತು. ಆರೈಕೆ ಎಂದರೆ ಎಂಥದ್ದು! ಹೆತ್ತ ಮಗುವಿಗೂ ಅಷ್ಟು ಮಾಡುವವರಿಲ್ಲ. ವಾರಕ್ಕೊಮ್ಮೆ, ನೊರೆ ಕಡಿಮೆ ಬರುವ ಶಾಂಪೂ ಹಾಕಿ, ಬೆರಳ ತುದಿಯಿಂದ ತಲೆಯ ಚರ್ಮವನ್ನಷ್ಟೇ ತಿಕ್ಕಿ ತೊಳೆಯಬೇಕು. ಕಂಡೀಷನರನ್ನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಂತೆ ಧಾರಾಳವಾಗಿ ಹಚ್ಚಿ, ಅದು ತಲೆಯಲ್ಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ಅದೂ ತುದಿಯಿಂದ ಶುರುಮಾಡಿ ಮೇಲೆ ಮೇಲೆ ಹೋಗಬೇಕು. ಟವೆಲಿನಿಂದ ಉಜ್ಜಕೂಡದು, ಒತ್ತಬೇಕು. ಬಿಗಿ ಜಡೆ ಹಾಕಕೂಡದು. ಕೂದಲು ನೆಟ್ಟಗೆ ಮಾಡುವ ಕಾದ ಇಸ್ತ್ರಿಯಂತೂ ಹತ್ತಿರ ಸುಳಿಯಕೂಡದು. ದಿಂಬಿಗೆ ರೇಷ್ಮೆ ಬಟ್ಟೆಯ ಹೊದಿಕೆ ಬೇಕೆಂದಾಗ ಅಮ್ಮ ಪೆಟ್ಟಿಗೆಯ ತಳದಿಂದ ಹಳೆಯದೊಂದು ರೇಷ್ಮೆ ತುಂಡು ಹುಡುಕಿ ಹೊಲಿದುಕೊಟ್ಟಳು.

“ನನಗೆ ಇಷ್ಟು ವರ್ಷ ಗೋಣಿಚೀಲದಂಥ ದಿಂಬು, ಇವಳ ಜುಟ್ಟಿಗೆ ರೇಷ್ಮೆ!” ಎಂದ ಅಪ್ಪ.

“ನಿಮ್ಮ ತಲೇಲಿ ಉದುರೋಕೆ ಏನಿದೆ?” ಎಂದಳು ಅಮ್ಮ. ಅಪ್ಪ ತನ್ನ ನುಣ್ಣನೆ ಬೋಳುತಲೆ ಸವರಿಕೊಂಡ.

ತಿಂಗಳುಗಳು ಉರುಳಿದವು. ಬುಡದ ಗುಂಗುರು ಮೊಂಡು ಹಿಡಿದು ಬೆಳೆಯುತ್ತಿತ್ತು. ಮೇಲೆ ಸುರುಳಿ, ಕೆಳಗೆ ಕಡ್ಡಿ. ಅವೆರಡೂ ಕೂಡುವಲ್ಲೇ ಕೂದಲು ಪಟ್ಟೆಂದು ಮುರಿಯುತ್ತಿತ್ತು. ಗುಬ್ಬಿಗೆ ಕನ್ನಡಿ ನೋಡಿದರೆ ಅಳು ಬರುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ಕದ್ದುಮುಚ್ಚಿ ಕೂದಲಿಸ್ತ್ರಿ ಹಚ್ಚಿ ಸುರುಳಿಗಳನ್ನು ಮಲಗಿಸಲು ಹೋದಳು. ಅಮ್ಮನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಬಾಗಿಲು ಬಡಿದ ರಭಸಕ್ಕೆ ಚಿಲಕವೇ ಕಿತ್ತುಬಂತು. ಅತ್ತೆ ಬಂದು ಇಸ್ತ್ರಿಯನ್ನು ತನ್ನ ಪಾರ್ಲರಿಗೆ ಒಯ್ದಳು, ಹೋಗುವಾಗ ತಲೆಗೊಂದು ಮೊಟಕಿಯೂ ಹೋದಳು. “ಅತ್ತೆ, ಕೂದಲಿಗೆ ನೋವಾಗುತ್ತೆ” ಎಂದು ಗುಬ್ಬಿ ಗೊಣಗಿದ್ದಕ್ಕೆ ಇನ್ನೊಂದು ಬಿತ್ತು.

ಫೋಟೊಗೆ ಮೂರೇ ದಿನ ಇರುವಾಗ ಅದು ಆಯಿತು. ಎಷ್ಟು ಮೆತ್ತಗೆ ಬಾಚಿದರೂ, ಬಲಗಿವಿಯ ಮೇಲಿನ ಒಂದು ಜೊಂಪೆಯ ನೆಟ್ಟಗಿನ ಭಾಗ ಪೂರ್ತಿ ಮುರಿದು ಅವಳ ಕೈಗೇ ಬಂತು. ಗುಬ್ಬಿ ಉಸಿರು ಹಿಡಿದು ಕನ್ನಡಿಗೆ ಮುಖ ಒಡ್ಡಿದಳು. ಅಲ್ಲಿ ಬೋಳು ಇರಲಿಲ್ಲ. ಭಾರ ಕಳಚಿದ ಬುಡದ ಕೂದಲು ಉಂಗುರದಂತೆ ಸುತ್ತಿಕೊಂಡು, ಕಪ್ಪಗೆ ಮಿರಮಿರ ಮಿಂಚುತ್ತ ನಿಂತಿತ್ತು. ಎಳೆದಳು. ಬಿಟ್ಟಳು. ಟಣ್ಣನೆ ಮೇಲಕ್ಕೆ ಹಾರಿತು. ಮತ್ತೆ ಎಳೆದಳು, ಮತ್ತೆ ಬಿಟ್ಟಳು. ಎಷ್ಟು ಎಳೆದರೂ ಅದು ಮುರಿಯಲಿಲ್ಲ. ಕೈಯಲ್ಲಿದ್ದ ಕಡ್ಡಿಯನ್ನೂ ಕಿವಿಯ ಮೇಲಿನ ಉಂಗುರವನ್ನೂ ನೋಡಿ ನೋಡಿ, ಇಷ್ಟು ದಿನ ತಾನು ರೇಷ್ಮೆಯಲ್ಲಿ ಮಲಗಿಸಿದ್ದು ಯಾವುದನ್ನು ಎಂದು ಅವಳಿಗೆ ನಗು ಬಂತು.

ಫೋಟೊ ದಿನ ಬೆಳಿಗ್ಗೆ, ಪಾರ್ಲರಿಗೆ ಗಿರಾಕಿಗಳು ಬರುವ ಮೊದಲೇ ಹೋಗಿ ಕುರ್ಚಿಯಲ್ಲಿ ಕುಳಿತಳು.

“ಕತ್ತರಿಸಿ, ಅತ್ತೆ. ಸತ್ತಿದ್ದಷ್ಟೂ ಹೋಗ್ಲಿ.”

“ಇವತ್ತಾ? ಫೋಟೊ ಕಣೇ!”

“ಇವತ್ತೇ.”

ಅತ್ತೆ ಕುತ್ತಿಗೆಗೆ ಬಟ್ಟೆ ಕಟ್ಟಿ ಕತ್ತರಿ ಆಡಿಸಿದಳು. ನೆಟ್ಟಗಿನ ಕೂದಲು ನೆಲದ ಮೇಲೆ ರಾಶಿಯಾಯಿತು. ಸುದ್ದಿ ತಿಳಿದು ಅಮ್ಮ ಅಪ್ಪ ಓಡಿಬಂದಾಗ, ಕುರ್ಚಿಯಲ್ಲಿ ಬೇರೆ ಹುಡುಗಿಯೇ ಕುಳಿತಂತಿತ್ತು. ಕಿವಿಯ ತನಕ ದಟ್ಟ ಸುರುಳಿ, ಉದ್ದ ಕತ್ತು, ದೊಡ್ಡ ಕಣ್ಣು.

“ನನ್ನ ಕೂದಲೆಲ್ಲ ಎಲ್ಲಿಗೆ ಹೋಯ್ತು ಅಂತ ಈಗ ಗೊತ್ತಾಯ್ತು ನೋಡು” ಎಂದ ಅಪ್ಪ.

ಅಮ್ಮ ಕಣ್ಣೊರೆಸಿಕೊಂಡಳು. “ಚೆನ್ನಾಗೇ ಇದೆ. ಆದ್ರೆ ಆ ಕ್ಯಾಮೆರಾದವನು ಮತ್ತೆ ಹಿಂದಕ್ಕೆ ಕಳಿಸಿದ್ರೆ? ಲೇ ನಾದಿನಿ, ಇವತ್ತಿನ ಮಟ್ಟಿಗೆ ಹಣೆ ಮೇಲಿಂದು ಸ್ವಲ್ಪ ಇಸ್ತ್ರಿ ಹೊಡೆದುಬಿಡು.”

“ನಾನೂ ಅದೇ ಅಂದ್ಕೊಂಡೆ, ಅತ್ತಿಗೆ. ಐದು ನಿಮಿಷದ ಕೆಲಸ.” ಅತ್ತೆ ಇಸ್ತ್ರಿಯ ಪ್ಲಗ್ ಹಾಕೇಬಿಟ್ಟಳು.

ಗುಬ್ಬಿಗೆ ನಖಶಿಖಾಂತ ಉರಿಯಿತು. “ನೀವಿಬ್ಬರು ಒಂದಾಗೋಕೆ ನನ್ನ ತಲೇನೇ ಬೇಕಿತ್ತಾ? ಹತ್ತಿರ ತಂದ್ರೆ ನೋಡಿ!”

“ಹಿಂದಿನ ಸಾಲಲ್ಲಿ ನಿಲ್ತೀಯೇನೇ ಮತ್ತೆ?”

“ಮುಂದೇನೇ ಕೂರ್ತೀನಿ. ಎದ್ದೇಳು ಅನ್ಲಿ, ಏಳಲ್ಲ. ಇಬ್ಬರ ಜಾಗ ಬೇಕಾದ್ರೆ ಇಬ್ಬರ ಜಾಗ!”

ಕುರ್ಚಿಯಿಂದ ಜಿಗಿದು, ಚೀಲ ಹೆಗಲಿಗೆ ಹಾಕಿ, ಬಾಗಿಲು ದಾಟಿಯೇ ಬಿಟ್ಟಳು.

“ಬಾರೇ ಗುಬ್ಬಿ, ಇಸ್ತ್ರಿ ಕಾದಿದೆ!” ಅಮ್ಮ ಕೂಗಿದಳು.

“ಕುತ್ತಿಗೆ ಬಟ್ಟೆ ಆದ್ರೂ ಬಿಚ್ಚಿ ಹೋಗೇ, ಕತ್ತೆ!” ಅತ್ತೆ ಕೂಗಿದಳು.

ಗುಬ್ಬಿ ನಡೆಯುತ್ತಲೇ ಬಟ್ಟೆ ಬಿಚ್ಚಿ ಪಕ್ಕದ ಮನೆಯ ಗೇಟಿನ ಮೇಲೆ ನೇತುಹಾಕಿದಳು. ಇಬ್ಬರೂ ಹೊಸಿಲ ಮೇಲೆ ನಿಂತು, ಈಗ ತಿರುಗುತ್ತಾಳೆ, ಆಗ ತಿರುಗುತ್ತಾಳೆ ಎಂದು ಕಾದರು. ಬೀದಿಯ ತಿರುವಿನಲ್ಲಿ ಸುರುಳಿಗಳು ಕುಣಿದದ್ದು ಕಂಡಿತು, ಆಮೇಲೆ ಅದೂ ಇಲ್ಲ. ಇಸ್ತ್ರಿ ಕಾದು ಕಾದು ಕೆಂಪು ದೀಪ ಹಾಕಿಕೊಂಡಿತು. ಅವಳು ವಾಪಸ್ ಬರಲಿಲ್ಲ.